ಬೋರ್ಡಿನ ದೂರ

೧೯೮೬ರ ಅಕ್ಟೋಬರ್ ೧೧, ಶನಿವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ತಾಷ್ಕೆಂಟಿನ ಕ್ರೀಡಾಮಂದಿರದಲ್ಲಿ, ಓಟದ ಪಟ್ಟಿಯ ಒಂದು ತುದಿಯಲ್ಲಿ ನಿಂತು ಸಾನೋಬರ್ ಅಂಗೈಗೆ ಬಿಳಿ ಪುಡಿ ತಿಕ್ಕಿಕೊಳ್ಳುತ್ತಿದ್ದಳು. ಇನ್ನೊಂದು ತುದಿಯಲ್ಲಿ, ಜಿಮ್ನಾಸ್ಟಿಕ್ಸ್ ಆಟಗಾರ್ತಿಯರು ಕೈಯೂರಿ ಹಾರುವ ಚರ್ಮದ ಕುದುರೆ. ಅದರ ಮುಂದೆ, ಕಾಲೂರಿ ಚಿಮ್ಮುವ ಸ್ಪ್ರಿಂಗ್ ಬೋರ್ಡು. ಬೋರ್ಡಿನ ಪಕ್ಕದಲ್ಲಿ ಮಂಡಿಯೂರಿ ಕುಳಿತು ಎರ್ಗಶ್ ಅಕಾ ಟೇಪು ಎಳೆಯುತ್ತಿದ್ದರು. ಹನ್ನೆರಡು ವರ್ಷಗಳಿಂದ ಅವಳಿಗೆ ಕಲಿಸುತ್ತ ಬಂದವರು. ಇವತ್ತು ಬೋರ್ಡಿನ ಬಳಿ, ಅವಳಿಲ್ಲದೆ, ಅವರೊಬ್ಬರೇ ಇದ್ದರು. ಅವರಿಗೆ ಟೇಪಿನ ಮೇಲಿನ ಅಂಕಿ ಕಾಣುವುದಿಲ್ಲವೆಂದು ಆ ಇಡೀ ಮಂದಿರದಲ್ಲಿ ಬಲ್ಲವಳು ಅವಳೊಬ್ಬಳೇ.

ಅವಳು ಆರು ವರ್ಷದವಳಿದ್ದಾಗ ಅವರು ಊರಿನ ಚಿಲೊಂಜಾರ್ ಬಡಾವಣೆಯ ಶಿಶುವಿಹಾರಕ್ಕೆ ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ಒಂದು ಕಬ್ಬಿಣದ ಸರಳಿಗೆ ನೇತುಹಾಕಿದ್ದರು. ಉಳಿದವರೆಲ್ಲ ಬೇಗ ಕೈಬಿಟ್ಟರು. ಸಾನೋಬರ್ ಬಿಡಲಿಲ್ಲ. "ಅಬ್ಬಾ, ಎಂಥ ಗಟ್ಟಿ ಪಿಂಡ ಇದು!" ಎಂದು ಅವರು ನಕ್ಕರು. ನಿಜ ಸಂಗತಿಯೆಂದರೆ, ಕೆಳಗೆ ನೋಡಿ ಅವಳಿಗೆ ಕೈಬಿಡಲು ಹೆದರಿಕೆಯಾಗಿತ್ತು. ಅದನ್ನು ಅವಳು ಬಾಯಿಬಿಟ್ಟದ್ದು ಹದಿನೈದನೆಯ ವಯಸ್ಸಿನಲ್ಲಿ, ಇಡೀ ಸೋವಿಯತ್ ಒಕ್ಕೂಟದ ಚಾಂಪಿಯನ್ ಆಗಿ, ಪದಕವನ್ನು ಕೊರಳಿನಿಂದ ತೆಗೆಯದೆಯೇ ವಿಮಾನದಲ್ಲಿ ಮರಳುವಾಗ.

"ಹೆದರಿಕೆ ಇದ್ದೋರೇ ಬೇಕು ಮಗಳೇ," ಎಂದಿದ್ದರು ಅವರು. "ಇಲ್ದೋರು ಕತ್ತು ಮುರ್ಕೊಳ್ತಾರೆ."

ಮರುವರ್ಷ ಯೂರೋಪಿನಲ್ಲಿ ವಾಲ್ಟಿನ, ಅಂದರೆ ಕುದುರೆ ಹಾರುವ ಸ್ಪರ್ಧೆಯ, ಚಿನ್ನ ಬಂತು. ಜವಳಿ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ ಅವಳ ತಾಯಿಯ ಮನೆಗೆ ಟೆಲಿಫೋನ್ ಬಂತು. ಬಜಾರಿನ ಮುದುಕರು ಖರಬೂಜದ ರಾಶಿಯಿಂದ ಅವಳಿಗೆಂದೇ ಒಂದು ಹಣ್ಣು ತೆಗೆದಿಡುತ್ತಿದ್ದರು. ಹೊಟ್ಟೆ ತುಂಬ ತಿನ್ನುವ ಹಾಗಿರಲಿಲ್ಲ, ತೂಕ ನೋಡುತ್ತಿದ್ದರು. ಅವಳು ಒಂದು ಹೋಳು ತಿಂದು ಉಳಿದದ್ದನ್ನು ಮೂಸಿ ನೋಡಿ ತಂಗಿಯರಿಗೆ ಕೊಡುತ್ತಿದ್ದಳು.

ಕಣ್ಣಿನ ವಿಷಯ ಗೊತ್ತಾದದ್ದು ಹಿಂದಿನ ವರ್ಷದ ವಸಂತದಲ್ಲಿ, ಒಂದು ಭಾನುವಾರ, ಎರ್ಗಶ್ ಅಕಾರ ಮನೆಯಲ್ಲಿ. ಅವರು ಉದ್ದ ಮೂತಿಯ ಪಾತ್ರೆಯಿಂದ ಹಸಿರು ಚಹಾ ಬಗ್ಗಿಸಿದರು. ಚಹಾ ಬಟ್ಟಲಿಗೆ ಬೀಳದೆ ಪಕ್ಕದ ಹಾಸುಬಟ್ಟೆಗೆ ಬಿತ್ತು.

"ಮೂತಿ ಸೊಟ್ಟ ಆಗಿದೆ," ಎಂದರು.

"ಯಾರದ್ದು ಉಸ್ತೋಜ್, ನಂದಾ?" ಗುರುವನ್ನು ಅಲ್ಲಿನವರು ಕರೆಯುವ ಹಾಗೆ ಕರೆದು ಅವಳು ನಕ್ಕಳು.

ಅವರು ನಗಲಿಲ್ಲ. ಪಾತ್ರೆಯನ್ನು ತಡವಿ ಕೆಳಗಿಟ್ಟರು. "ನಡು ಮಧ್ಯದಲ್ಲಿ ಮಸಿ ಬಳಿದ ಹಾಗಿದೆ. ಅಂಚಲ್ಲಿ ಮಾತ್ರ ಕಾಣುತ್ತೆ. ನಿನ್ನ ಮುಖ ನೋಡ್ಬೇಕು ಅಂದ್ರೆ ನಿನ್ನ ಕಿವಿಯಿಂದಾಚೆ ನೋಡ್ಬೇಕು."

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸಿದ್ರೆ ಅವ್ರು ಬರೀತಾರೆ. ಬರೆದ್ರೆ ಮಾರನೇ ದಿನ ನನ್ನ ಪಿಂಚಣಿಗೆ ಕಳಿಸ್ತಾರೆ. ನಿನ್ನ ಮಾಸ್ಕೋಗೆ ಕಳಿಸ್ತಾರೆ." ಒದ್ದೆ ಹಾಸುಬಟ್ಟೆಯನ್ನು ಮಡಚುತ್ತ, "ನಂಗೆ ಕಿವಿ ಚೆನ್ನಾಗಿದೆ," ಎಂದರು.

ಅದು ಸುಳ್ಳಾಗಿರಲಿಲ್ಲ. ಬೋರ್ಡು ಕೊಟ್ಟ ಸದ್ದಿನಿಂದಲೇ ಕಾಲು ಎಲ್ಲಿ ಬಿತ್ತೆಂದು ಹೇಳಬಲ್ಲವರಾಗಿದ್ದರು. ನೆಲದ ಮೇಲೆ ಎರಡು ಪಾದ ಒಂದಾಗಿ ಇಳಿದವೋ, ಒಂದರ ಹಿಂದೆ ಒಂದು ಇಳಿದವೋ, ಅದೂ ಗೊತ್ತಾಗುತ್ತಿತ್ತು. ಆದರೆ ಟೇಪಿನ ಅಂಕಿಗೆ ಸದ್ದಿಲ್ಲ. ಅವಳ ವಾಲ್ಟಿನಲ್ಲಿ ಆ ಅಂಕಿ ತಪ್ಪುವ ಹಾಗಿರಲಿಲ್ಲ. ಓಡಿಬಂದು, ಬೋರ್ಡಿನ ಮುಂದೆ ಕೈಯೂರಿ ಮಗುಚಿ, ಕುದುರೆಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಇಳಿದು, ಹಿಂದಕ್ಕೆ ಹಾರಿ, ಕಾಣದ ಕುದುರೆಯ ಮೇಲೆ ಕೈಯಿಡಬೇಕು. ಕುದುರೆ ಎಲ್ಲಿದೆಯೆಂದು ಆ ಕ್ಷಣ ಕಣ್ಣು ಹೇಳುವುದಿಲ್ಲ. ಬೋರ್ಡಿನ ದೂರವೇ ಹೇಳಬೇಕು. ಕುದುರೆಯಿಂದ ಬೋರ್ಡಿಗೆ ಅವಳ ದೂರ ತೊಂಬತ್ತೆಂಟು ಸೆಂಟಿಮೀಟರ್.

ಹಾಗಾಗಿ ಇಬ್ಬರೂ ಸೇರಿ ಒಂದು ಸುಳ್ಳು ಹರಕೆ ಹುಟ್ಟಿಸಿಕೊಂಡರು. ಅವರು ಟೇಪು ಎಳೆಯುವಾಗ ಅವಳು ಪಕ್ಕದಲ್ಲಿ ಕುಳಿತು ಬೋರ್ಡನ್ನು ಮುಟ್ಟಿ, "ತೊಂಬತ್ತೆಂಟು, ನನ್ನ ಕೈಬಿಡಬೇಡ," ಎಂದು ಗಟ್ಟಿಯಾಗಿ ಹೇಳುವುದು. ಬೋರ್ಡು ಹಿಂದೆ ಮುಂದೆ ಇದ್ದರೆ ಹೇಳುವ ಮೊದಲು ಮೊಣಕೈಯಿಂದ ಅವರನ್ನು ತಿವಿಯುವುದು. ಚಾಂಪಿಯನ್ನರ ಇಂಥ ಹುಚ್ಚುಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ಅವಳನ್ನು ಸಾನ್ಯಾ ಎಂದು ಕರೆಯುತ್ತಿದ್ದ ತಂಡದ ಗೆಳತಿ ಗಾಲ್ಯಾ ಮಾತ್ರ ಬಿಡುತ್ತಿರಲಿಲ್ಲ.

"ನಮ್ಮ ಮುಲ್ಲಾ ಮಂತ್ರ ಹಾಕ್ತಿದಾಳೆ, ಎಲ್ರೂ ಸುಮ್ನಿರಿ!" ಎನ್ನುವಳು. "ಅಲ್ವೇ ಸಾನ್ಯಾ, ನಂಗೂ ಒಂದು ಅಂಕಿ ಹೇಳ್ಕೊಡೇ. ಬ್ಯಾಲೆನ್ಸ್ ತೊಲೆ ಮೇಲಿಂದ ದಿನಾ ಬೀಳ್ತಿದೀನಿ."

"ನಿಂಗೆ ಅಂಕಿ ಸಾಲಲ್ಲ ಕಣೇ. ತಾಯಿತ ಕಟ್ಟಿಸ್ಕೋ."

ಒಂದೂವರೆ ವರ್ಷ ಹೀಗೆ ನಡೆಯಿತು. ಈ ಅಕ್ಟೋಬರಿನಲ್ಲಿ ಮುಂದಿನ ವರ್ಷದ ವಿಶ್ವ ಸ್ಪರ್ಧೆಗೆ ಹುಡುಗಿಯರನ್ನು ಆರಿಸಲು ಮಾಸ್ಕೋದಿಂದ ವಾಲೆಂಟಿನಾ ಮಾರ್ಕೊವ್ನಾ ಬಂದಿದ್ದರು. ಒಕ್ಕೂಟದ ತಂಡಕ್ಕೆ ಅವರ ಮಾತೇ ಕೊನೆ. ಹಿಂದಿನ ದಿನ ಸಾನೋಬರಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಿದ್ದರು.

"ನೋಡಮ್ಮಾ, ಹದಿನೆಂಟು ಆಯ್ತು ನಿಂಗೆ. ನಮ್ಮಲ್ಲಿ ಅದು ಅಜ್ಜಿ ವಯಸ್ಸು. ಇನ್ನೊಂದು ವರ್ಷ ಇದೆ, ಹೆಚ್ಚಂದ್ರೆ ಎರಡು. ಮಾಸ್ಕೋಗೆ ಬಾ."

"ಉಸ್ತೋಜ್ ಬಂದ್ರೆ ಬರ್ತೀನಿ."

"ಆ ಮುದುಕನ್ನ ಕಟ್ಕೊಂಡು ಏನ್ ಮಾಡ್ತೀಯೇ? ಅವನು ಯಾಕೋ ಮಾತಾಡುವಾಗ ಮುಖ ನೋಡಲ್ಲ, ಕಳ್ಳನ ಹಾಗೆ ಎಲ್ಲೋ ನೋಡ್ತಾನೆ."

"ನಾಚಿಕೆ ಅವ್ರಿಗೆ. ನೀವು ಚೆನ್ನಾಗಿದೀರಲ್ಲ."

ವಾಲೆಂಟಿನಾ ಮಾರ್ಕೊವ್ನಾ ನಕ್ಕುಬಿಟ್ಟರು. ಆದರೆ ಏಳುವಾಗ ಹೇಳಿದರು: "ನಾಳೆ ಅವನ ಕಡೆಯಿಂದ ಒಂದೇ ಒಂದು ತಪ್ಪಾಗ್ಲಿ, ಅವನನ್ನ ಮನೆಗೆ ಕಳಿಸ್ತೀನಿ. ಆಮೇಲೆ ನೀನು ನನ್ನ ಹತ್ರ ಅಳಬಾರ್ದು."

ಎರ್ಗಶ್ ಅಕಾರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಆರಕ್ಕೆ ಬಂದು ಮಂದಿರದ ಬೀಗ ತೆಗೆಯುವುದು, ಸಂಜೆ ಹಾಕಿಕೊಂಡು ಹೋಗುವುದು, ಇಷ್ಟೇ ಅವರಿಗೆ ಉಳಿದಿದ್ದ ಬದುಕು. ಅದನ್ನು ಅವರು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ; ಹೇಳಬೇಕಾಗಿಯೂ ಇರಲಿಲ್ಲ.

ಇವತ್ತು ಗಂಟೆ ಬಾರಿಸಿದ ಮೇಲೆ ಅವಳು ಎಂದಿನಂತೆ ಬೋರ್ಡಿನತ್ತ ಹೊರಟಾಗ ಓಟ ಶುರುವಾಗುವ ಗೆರೆ ಕಾಯುತ್ತಿದ್ದ ಅಧಿಕಾರಿ ಬಾವುಟ ಅಡ್ಡ ಹಿಡಿದಿದ್ದ. "ಆಟಗಾರ್ತಿ ಗೆರೆ ದಾಟೋ ಹಾಗಿಲ್ಲ."

"ಒಂದು ನಿಮಿಷ ಅಣ್ಣಾ. ನಂದೊಂದು ಹರಕೆ ಇದೆ."

"ಹರಕೆ ಮನೇಲಿ ತೀರಿಸ್ಕೋ ತಾಯಿ. ಈ ಸ್ಪರ್ಧೆಗೆ ಇದೇ ನಿಯಮ."

ಹೆಚ್ಚು ವಾದಿಸಿದರೆ ಎಲ್ಲರ ಕಣ್ಣೂ ಅಲ್ಲಿಗೆ ತಿರುಗುತ್ತಿತ್ತು. ಅವಳು ಹಿಂದಕ್ಕೆ ಬಂದಳು. ದೂರದಿಂದ ಎರ್ಗಶ್ ಅಕಾ ಟೇಪಿನ ಮೇಲೆ ಬೆರಳು ಸರಿಸುವುದು ಕಾಣುತ್ತಿತ್ತು. ಪ್ರತಿ ಹತ್ತು ಸೆಂಟಿಮೀಟರಿಗೆ ಟೇಪಿನಲ್ಲಿ ಕೆಂಪು ಗುರುತಿತ್ತು. ಅಷ್ಟು ಮಾತ್ರ ಅವರಿಗೆ ಕಾಣುತ್ತಿತ್ತು. ಅವುಗಳನ್ನು ಎಣಿಸುತ್ತಿದ್ದರು. ನಡುವೆ ತಡೆದು, ಮತ್ತೆ ಮೊದಲಿನಿಂದ ಎಣಿಸಿದರು. ಬೋರ್ಡನ್ನು ಸರಿಸಿ ಎದ್ದು ನಿಂತು, ಅವಳಿದ್ದ ಕಡೆಗೆ, ಅಂದರೆ ಅವಳಿಂದ ಸ್ವಲ್ಪ ಎಡಕ್ಕೆ ಮುಖ ಮಾಡಿ, ಕೈಯೆತ್ತಿದರು. ಹಸಿರು ದೀಪ ಹತ್ತಿತು.

ಅವಳು ಓಡಿದಳು.

ಅರ್ಧ ದಾರಿಗೆ ಗೊತ್ತಾಯಿತು. ಬೋರ್ಡು ತನ್ನ ಕಡೆಗೆ ಸರಿದಿದೆ, ಕುದುರೆಯಿಂದ ದೂರವಾಗಿದೆ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ಅದೇ ಕಡೆಗೆ ಓಡಿದ ದೇಹಕ್ಕೆ ಅದು ಗೊತ್ತಾಗದೆ ಇರುವುದಿಲ್ಲ. ಒಂದು ಕೆಂಪು ಗುರುತಿನಷ್ಟು ತಪ್ಪಿದ್ದರು ಅವರು. ಹತ್ತು ಸೆಂಟಿಮೀಟರೆಂದರೆ ಅವಳ ವೇಗಕ್ಕೆ ಸೆಕೆಂಡಿನ ಎಪ್ಪತ್ತರಲ್ಲಿ ಒಂದು ಪಾಲು. ನೋಡುವವರಿಗೆ ಏನೂ ಅಲ್ಲ.

ನಿಲ್ಲಬಹುದಿತ್ತು. ಬೋರ್ಡು ಮುಟ್ಟುವ ಮೊದಲು ನಿಂತರೆ ಇನ್ನೊಮ್ಮೆ ಓಡಲು ನಿಯಮದಲ್ಲೇ ಅವಕಾಶವಿತ್ತು. ನಿಂತರೆ ಯಾಕೆ ನಿಂತೆ ಎಂದು ಕೇಳುತ್ತಾರೆ. ಬೋರ್ಡಿನ ದೂರ ಅಳೆಯುತ್ತಾರೆ, ವಾಲೆಂಟಿನಾ ಮಾರ್ಕೊವ್ನಾರ ಎದುರಿಗೇ. ಇನ್ನೊಮ್ಮೆ ನೀವೇ ಅಳೆದು ತೋರಿಸಿ ಎಂದು ಟೇಪನ್ನು ಅವರ ಕೈಗೆ ಕೊಡುತ್ತಾರೆ. ಅಷ್ಟು ಜನರ ನಡುವೆ ಅವರು ಮಂಡಿಯೂರಿ ಕೆಂಪು ಗುರುತುಗಳನ್ನು ಬೆರಳಿನಿಂದ ತಡಕುವುದು ಅವಳ ಕಣ್ಣಿಗೆ ಕಟ್ಟಿತು.

ಅವಳು ನಿಲ್ಲಲಿಲ್ಲ. ಇನ್ನಷ್ಟು ಜೋರಾಗಿ ಓಡಿದಳು. ಹೆಚ್ಚಿನ ದೂರವನ್ನು ಹೆಚ್ಚಿನ ವೇಗ ನುಂಗಬಹುದು ಎಂಬ ಲೆಕ್ಕ. ಕುದುರೆಯ ಅಂಚು ಅವಳ ಬೆರಳುಗಳಿಗೆ ಸಿಕ್ಕಿತು, ಅಂಗೈಗೆ ಸಿಗಲಿಲ್ಲ. ಮೇಲಕ್ಕೆ ಚಿಮ್ಮಬೇಕಾಗಿದ್ದ ಮೈ ಅಡ್ಡಕ್ಕೆ ಹೋಯಿತು. ತಿರುವು ಮುಗಿಯುವ ಮೊದಲೇ ನೆಲ ಬಂತು. ಬಲಗಾಲು ಮೊದಲು ಊರಿತು; ಮೈಯಿನ್ನೂ ತಿರುಗುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಎರ್ಗಶ್ ಅಕಾ ಅವಳ ಮಂಚದ ಪಕ್ಕ ಕುಳಿತಿದ್ದರು. ಟೋಪಿ ತೊಡೆಯ ಮೇಲಿತ್ತು. ರಾತ್ರಿಯೇ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದ್ದರು.

"ಬೋರ್ಡು ಎಷ್ಟಕ್ಕಿತ್ತು?" ಎಂದು ಕೇಳಿದರು.

"ತೊಂಬತ್ತೆಂಟಕ್ಕೆ."

"ಸದ್ದು ಹಾಗಿರ್ಲಿಲ್ಲ."

"ನಾನೇ ತಡ ಮಾಡ್ದೆ. ಕಾಲು ತಡವಾಗಿ ಬಿತ್ತು."

"ನಿನ್ನ ಕಾಲು ತಡವಾಗಿ ಬಿದ್ರೆ ಯಾವ ಸದ್ದು ಬರುತ್ತೆ ಅಂತ ನಂಗೆ ಗೊತ್ತಿಲ್ವಾ ಮಗಳೇ? ನಿಂಗೆ ಹಲ್ಲು ಬಿದ್ದು ಹುಟ್ಟೋಕ್ಕಿಂತ ಮುಂಚಿಂದ ಕೇಳ್ತಿದೀನಿ."

ಅವರು ಟೋಪಿಯನ್ನು ಎರಡು ಸಲ ಮಡಿಸಿ ಬಿಚ್ಚಿದರು.

"ವಾಲೆಂಟಿನಾಗೆ ಹೇಳ್ತೀನಿ. ಇವತ್ತೇ ಹೇಳ್ತೀನಿ."

"ಹೇಳಿದ್ರೆ ಇನ್ಮೇಲೆ ನನ್ನ ಮುಖ ನೋಡ್ಬೇಡಿ."

"ಈಗ ಮಾತ್ರ ನೋಡ್ತಿದೀನಾ?" ಎಂದರು. ಇಬ್ಬರಿಗೂ ನಗು ಬಂತು. ಅವರ ನಗು ಮುಗಿದ ಮೇಲೂ ಭುಜ ಅಲುಗುತ್ತಿತ್ತು.

"ಉಸ್ತೋಜ್, ಕೇಳಿ. ನೀವು ಹೇಳಿದ್ರೆ ಅವ್ರು ನಿಮ್ಮನ್ನ ಕಳಿಸ್ತಾರೆ. ನನ್ನ ಕಾಲು ಅದ್ರಿಂದ ವಾಸಿ ಆಗಲ್ಲ. ವಸಂತಕ್ಕೆ ನಾನು ಎದ್ದು ಬರ್ತೀನಿ. ಬಂದಾಗ ಅಲ್ಲಿ ನೀವಿಲ್ದಿದ್ರೆ ಯಾರ ಹತ್ರ ಬರ್ಲಿ? ಅಲ್ಲಿವರೆಗೆ ಸುಮ್ನೆ ಚಿಕ್ಕ ಮಕ್ಕಳಿಗೆ ಹೇಳ್ಕೊಡ್ತಾ ಇರಿ."

"ಬರ್ತೀಯಾ?"

"ಬರ್ತೀನಿ."

"ಬಂದ್ರೆ ಸರಿ," ಎಂದರು. "ಬರದೇ ಹೋದ್ರೆ, ನಾನು ಬಾಯಿ ಮುಚ್ಕೊಂಡಿದ್ದು ಯಾತಕ್ಕೆ ಅಂತ ನಂಗೆ ಗೊತ್ತಾಗಲ್ಲ." ಅವರು ಯಾರಿಗೂ ಹೇಳಲಿಲ್ಲ. ಆಟಗಾರ್ತಿಯ ತಪ್ಪು ಎಂದು ಮಾತು ನಿಂತಿತು.

ನವೆಂಬರ್ ಕೊನೆಗೆ ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಹೊರಬಂದ ಕಾಲು ಯಾರದೋ ಮುದುಕಿಯ ಕಾಲಿನ ಹಾಗೆ ಸಣಕಲಾಗಿತ್ತು. ವೈದ್ಯೆ ರೋಜಾಲಿಯಾ ಅಬ್ರಾಮೊವ್ನಾ ಮಾತನ್ನು ಮುಚ್ಚಿಡುವವರಲ್ಲ. "ದಿನಾ ಮಡಚು. ಅತ್ರೂ ಮಡಚು. ಹೊಸ ವರ್ಷಕ್ಕೆ ಮುಂಚೆ ತೊಂಬತ್ತು ಡಿಗ್ರಿ ದಾಟಿದ್ರೆ ಆಟದ ಮಾತಾಡೋಣ. ದಾಟ್ಲಿಲ್ಲ ಅಂದ್ರೆ ಟ್ರಾಮ್ ಮೆಟ್ಟಿಲು ಹತ್ತೋದನ್ನ ಕಲಿ."

ಅವಳು ಮಡಚಿದಳು. ಬಾಯಿಗೆ ಟವೆಲಿನ ಅಂಚು ಕಚ್ಚಿಕೊಂಡು, ಹಿಮ್ಮಡಿಗೆ ಪಟ್ಟಿ ಕಟ್ಟಿ ಎಳೆದಳು. ತಾಯಿ ಗಿರಣಿಯಿಂದ ನೇರವಾಗಿ ಬಂದು, ಎಣ್ಣೆ ತಿಕ್ಕಿ, ಮುಖ ತಿರುಗಿಸಿಕೊಂಡು ಎಳೆಯುತ್ತಿದ್ದಳು. ಒಂದು ದಿನ ಗಾಲ್ಯಾ ಚೀಲದ ತುಂಬ ಹುರ್ಮಾ ಹಣ್ಣು ತಂದಳು. ಸಾನೋಬರಳ ಜಾಗಕ್ಕೆ ಅವಳೇ ಆಯ್ಕೆಯಾಗಿದ್ದಳು.

"ತಿನ್ನು. ಈಗ ಯಾರೂ ತೂಕ ನೋಡಲ್ಲ," ಎಂದವಳು ನಾಲಿಗೆ ಕಚ್ಚಿಕೊಂಡಳು. "ನಿನ್ನ ಜಾಗ ಬೆಚ್ಚಗೆ ಇಟ್ಟಿರ್ತೀನಿ ಕಣೇ. ಬೇಗ ಬಂದು ನನ್ನ ಎಬ್ಬಿಸು."

"ತಾಯಿತ ಕಟ್ಟಿಸ್ಕೊಂಡ್ಯಾ?"

"ಇಲ್ಲ," ಎಂದಳು ಗಾಲ್ಯಾ. ಸಣ್ಣ ಮಗುವಿನ ಹಾಗೆ ಅಳತೊಡಗಿದಳು. ಸಾನೋಬರಳೇ ಅವಳಿಗೆ ಹಣ್ಣು ಬಿಡಿಸಿ ಕೊಡಬೇಕಾಯಿತು.

ಡಿಸೆಂಬರಿನ ಕೊನೆಯ ವಾರ, ತೊಂಬತ್ತು ದಾಟಿತೋ ಇಲ್ಲವೋ ಎಂದು ನೋಡುವ ಅಳತೆಯ ದಿನ ಬಂತು. ಹೊರಗೆ ಹಿಮ ಬಿದ್ದು ಕರಗಿ ಕೆಸರಾಗಿತ್ತು. ಎರ್ಗಶ್ ಅಕಾ ಹೊಸ ಅಂಗಿ ತೊಟ್ಟು ಬಂದು ಕಿಟಕಿಯ ಹತ್ತಿರ ನಿಂತರು. ಸಾನೋಬರ್ ಮಂಚದ ಮೇಲೆ ಅಂಗಾತ ಮಲಗಿದಳು. ರೋಜಾಲಿಯಾ ಅಬ್ರಾಮೊವ್ನಾ ಕೋನಮಾಪಕದ ಒಂದು ತೋಳನ್ನು ಅವಳ ತೊಡೆಯ ಉದ್ದಕ್ಕೂ, ಇನ್ನೊಂದನ್ನು ಮೊಣಕಾಲಿನ ಕೆಳಗಿನ ಎಲುಬಿಗೂ ಹೊಂದಿಸಿದರು.

"ಮಡಚು."

ಅವಳು ಮಡಚಿದಳು. ಹಿಮ್ಮಡಿ ಹಾಸಿಗೆಯ ಮೇಲೆ ಜಾರಿತು, ನಿಂತಿತು. ಕಣ್ಣಲ್ಲಿ ನೀರು ಬರುವವರೆಗೆ ಎಳೆದಳು. ಇನ್ನೂ ಸ್ವಲ್ಪ ಜಾರಿತು, ಅಲ್ಲಿಗೆ ನಿಂತುಬಿಟ್ಟಿತು.

"ಇನ್ನೂ ಇದೆಯಾ?"

"ಇದೆ," ಎಂದಳು. ತೊಡೆ ನಡುಗಿತು, ಹಿಮ್ಮಡಿ ಕದಲಲಿಲ್ಲ.

ಕಿಟಕಿಯ ಬಳಿ ಎರ್ಗಶ್ ಅಕಾ ತಲೆ ಓರೆ ಮಾಡಿಕೊಂಡು, ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದರು. "ಎಷ್ಟು?" ಎಂದರು.

ರೋಜಾಲಿಯಾ ಅಬ್ರಾಮೊವ್ನಾ ಬಗ್ಗಿ ಅಂಕಿ ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಕಿಟಕಿಯ ಕಡೆಗೆ ತಿರುಗಿ ಹೇಳಿದರು: ಅರವತ್ತೆರಡು ಡಿಗ್ರಿ.