ಬಾಗದ ಸ್ಟಿಕ್ಕು

ಇಪ್ಪತ್ತಮೂರನೆಯ ಪಕ್ ಕೂಡ, ಐಸ್ ಹಾಕಿಯ ಆ ರಬ್ಬರ್ ಬಿಲ್ಲೆ, ಗೋಲಿನ ಮೇಲೆ ಹಾರಿ ಹಿಂದಿನ ಬೇಲಿಯ ಹಲಗೆಗೆ ಧಡ್ ಎಂದು ಬಡಿಯಿತು. ಗೋಲಿನ ಮುಂದೆ ಕಾಲುಗವಚ, ಮುಖವಾಡ ಹಾಕಿಕೊಂಡು ನಿಂತಿದ್ದ ಮರ್ನಾ ತಿರುಗಿ ನೋಡುವ ಗೋಜಿಗೂ ಹೋಗಲಿಲ್ಲ.

"ಮೇಲೆ ಹೋಯ್ತು," ಅಂದಳು.

"ನಂಗೂ ಕಣ್ಣಿದೆ," ಅಂದಳು ಮಗಳು ಲೆಸಿಯಾ.

"ಕಣ್ಣಿದ್ರೆ ಮೂಲೆ ನೋಡು. ನನ್ನ ಮುಖ ಯಾಕ್ ನೋಡ್ತೀಯ?"

"ನಿನ್ನ ಮುಖ ನೋಡೋ ಆಸೆ ಯಾರಿಗಿದೆ?"

ಹಿತ್ತಲಿನ ಆ ಐಸ್ ಅಂಗಳಕ್ಕೆ ನವೆಂಬರ್‌ನಿಂದ ಪೈಪು ಹಿಡಿದು ಪದರದ ಮೇಲೆ ಪದರ ನೀರು ಕಟ್ಟಿದವಳು ಮರ್ನಾ. ಗಂಡನಾಗಿದ್ದ ಡ್ವೇನ್ ಮನೆ ಬಿಟ್ಟು ಹೋಗಿ ಇದು ಎರಡನೆಯ ಚಳಿಗಾಲ. ಅವನು ಊರಿನ ಆ ತುದಿಯಲ್ಲಿ, ಹೊಸ ಹೆಂಡತಿಯ ಮನೆಯಲ್ಲಿದ್ದ. ಹೋಗುವಾಗ ಎಲ್ಲವನ್ನೂ ಒಯ್ದಿದ್ದ. ಮಗಳಿಗೆಂದು ಬಿಟ್ಟದ್ದು ತನ್ನದೊಂದು ದುಬಾರಿ ಸ್ಟಿಕ್ಕು ಮಾತ್ರ. ಅದನ್ನು ಅವಳ ಗಲ್ಲದ ಎತ್ತರಕ್ಕೆ ಅಳೆದು, ಮೇಲಿನಿಂದ ಐದು ಬೆರಳಗಲ ಗರಗಸದಲ್ಲಿ ಕೊಯ್ದು ಕೊಟ್ಟಿದ್ದ. ಲೆಸಿಯಾ ಅದನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು.

ಶನಿವಾರ ಜಿಲ್ಲಾ ಹುಡುಗಿಯರ ತಂಡದ ಆಯ್ಕೆ. ಉಳಿದಿದ್ದು ಒಂದೇ ಜಾಗ. ಗೋಲಿಗೆ ದಪ್ಪ ಕ್ಯಾನ್ವಾಸು ಬಿಗಿದು ನಾಲ್ಕು ಮೂಲೆಗೆ ನಾಲ್ಕು ಕಿಂಡಿ ಬಿಟ್ಟಿರುತ್ತಾರೆ. ಮಣಿಕಟ್ಟು ತಿರುವಿ ಹೊಡೆಯುವ ಇಪ್ಪತ್ತು ಹೊಡೆತದಲ್ಲಿ ಹತ್ತಾದರೂ ಕಿಂಡಿ ಹೊಗಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಲೆಸಿಯಾಳಿಗೆ ಹದಿನೇಳು ತುಂಬಿ ತಂಡದ ವಯಸ್ಸು ಮೀರುತ್ತದೆ, ಅಲ್ಲಿಗೆ ಮುಗಿಯಿತು.

ಮರ್ನಾ ಮುಖವಾಡ ಮೇಲೆತ್ತಿದಳು. "ಲೆಸ್, ತಪ್ಪು ನಿನ್ನ ಕೈದಲ್ಲ. ಸ್ಟಿಕ್ಕು ನಿಂಗೆ ಗಡುಸು. ಒತ್ತಿದ್ರೆ ಬಿಲ್ಲಿನ ಹಾಗೆ ಬಾಗ್ಬೇಕು, ಆಮೇಲೆ ಅದೇ ಹೊಡೆಯುತ್ತೆ. ಇದು ಬಾಗಲ್ಲ. ನೀನು ತೋಳಲ್ಲಿ ಎತ್ತಿ ಎಸೀತೀಯ, ಅದಕ್ಕೇ ಮೇಲೆ ಹೋಗೋದು. ಅದು ಇನ್ನೂರು ಪೌಂಡಿನ ಗಂಡಸಿನದು. ಅದರಲ್ಲೂ ಕೊಯ್ದಷ್ಟೂ ಗಡುಸಾಗುತ್ತೆ."

"ಅಪ್ಪ ಕೊಯ್ದಿದ್ದು ತಪ್ಪು ಅಂತ."

"ಹೌದು, ತಪ್ಪು."

"ಅಪ್ಪ ಮಾಡಿದ್ದರಲ್ಲಿ ನಿಂಗ್ಯಾವ್ದು ಸರಿ ಕಂಡಿದೆ? ಹೇಳು, ಒಂದಾದ್ರೂ ಹೇಳು!" ಲೆಸಿಯಾಳ ಬಾಯಿಂದ ಹಬೆ ಹೊರಟಿತು. "ಸ್ಕೂಲ್ ಬಸ್ ಓಡಿಸ್ಕೊಂಡಿರೋಳು ನೀನು. ಅಪ್ಪ ಆಡಿದ್ದು ಎಲ್ಲಿ, ನೀನು ಆಡಿದ್ದು ಎಲ್ಲಿ!"

ಅವನು ಆಡಿದ್ದು ಎಲ್ಲಿ ಎಂಬುದು ಮರ್ನಾಳಿಗೆ ಗೊತ್ತಿತ್ತು. ಹನ್ನೊಂದು ವರ್ಷ ಅವನ ಅಭ್ಯಾಸಕ್ಕೆ ಗೋಲಿನ ಮುಂದೆ ನಿಂತವಳು ಅವಳೇ. ಪಕ್ ಬಡಿದು ಪಕ್ಕೆ ಕಂದಿದ ದಿನವೂ 'ನಿನ್ನ ಕೈಯಲ್ಲಿ ಜೀವವೇ ಇಲ್ಲ' ಎಂದು ಅವನು ನಗುತ್ತಿದ್ದ. ಆ ನಗುವನ್ನು ಮಗಳ ತುಟಿಯ ಮೇಲೆ ಕಂಡಾಗ ಮರ್ನಾಳಿಗೆ ಮಗಳ ಮೇಲೆ ಉಕ್ಕಿದ್ದು ಪ್ರೀತಿಯಲ್ಲ. ಒಂದು ಗಳಿಗೆ, ಇವಳು ಶನಿವಾರ ಸೋಲಲಿ, ಆ ಸ್ಟಿಕ್ಕು ಹಿಡಿದೇ ಸೋಲಲಿ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ. ನಾಚಿಕೆ ಬಂದದ್ದು ಆಮೇಲೆ, ಒಲೆಯ ಮುಂದೆ ಪೆರೋಗಿ ಕಡುಬು ಬೇಯಿಸುತ್ತಾ ನಿಂತಾಗ.

ಗುರುವಾರ ಬಸ್ಸಿನ ಮಕ್ಕಳನ್ನು ಸ್ಕೂಲಿಗಿಳಿಸಿ ಅವಳು ಅಂಗಡಿಗೆ ಹೋದಳು. ಲೆಸಿಯಾ ನೂರ ಹನ್ನೆರಡು ಪೌಂಡು. ಸ್ಟಿಕ್ಕಿನ ಗಡುಸಿನ ಅಂಕೆ ಮೈತೂಕದ ಅರ್ಧದಷ್ಟಿರಬೇಕೆಂಬ ಲೆಕ್ಕಕ್ಕೆ ಹತ್ತಿರವಾಗಿ, ಐವತ್ತೈದು ಎಂದು ಬರೆದಿದ್ದ ಸ್ಟಿಕ್ಕನ್ನೇ ಕೇಳಿ ತಂದಳು. ಊಟದ ಮೇಜಿನ ಮೇಲಿಟ್ಟು, ಪಕ್ ಹೊಡೆಯುವ ಅಲಗಿಗೆ ಬಿಳಿ ಟೇಪು ಸುತ್ತಿದಳು. ಕೋಲು ಸೇರುವ ಹಿಮ್ಮಡಿಯಿಂದ ಶುರು, ತುದಿಯಲ್ಲಿ ಎರಡು ಬೆರಳಗಲ ಬರಿದು. ಅದು ಅವಳ ತಾಯಿ ಕಲಿಸಿದ ರೂಢಿ. 'ಹಲ್ಲು ಬಿದ್ದ ಸ್ಟಿಕ್ಕು' ಎಂದು ಡ್ವೇನ್ ಆಡಿಕೊಳ್ಳುತ್ತಿದ್ದ. ಆಮೇಲೆ ಅದನ್ನು ಟ್ರಕ್ಕಿನ ಸೀಟಿನ ಹಿಂದೆ, ಕಂಬಳಿಯ ಅಡಿ ಬಚ್ಚಿಟ್ಟಳು. ಕೊಟ್ಟರೆ ಮಗಳು ಹಿಮದಲ್ಲಿ ಎಸೆಯುತ್ತಾಳೆಂದು ಅವಳಿಗೆ ಗೊತ್ತಿತ್ತು.

ಶನಿವಾರ ಮೊದಲ ಸುತ್ತಿನ ಹತ್ತರಲ್ಲಿ ಲೆಸಿಯಾಳದು ಕಿಂಡಿ ಹೊಕ್ಕದ್ದು ಮೂರು. ಉಳಿದ ಏಳೂ ಮೇಲೆ. ಪಕ್ಕದ ಊರಿನ ಹುಡುಗಿಯ ಅಪ್ಪನೊಬ್ಬ, "ಇವಳೇನು ಹಾರೋ ಬಾತುಕೋಳಿ ಹೊಡೀತಿದ್ದಾಳಾ?" ಅಂದ. ಸುತ್ತಲಿನವರು ನಕ್ಕರು. ಮರ್ನಾ ಅವನನ್ನು ನೋಡಿದ ನೋಟಕ್ಕೆ ಅವನು ಕಾಫಿ ಕಪ್ಪಿನೊಳಗೆ ಮುಖ ಹುದುಗಿಸಿದ.

ಅದೇ ಹೊತ್ತಿಗೆ ಡ್ವೇನ್ ಒಳಗೆ ಬಂದು ಮೇಲಿನ ಸಾಲಿನಲ್ಲಿ ಕುಳಿತ. ತಡವಾಗಿ ಬಂದದ್ದಕ್ಕೆ ಮಗಳ ಕಡೆ ಕೈ ಕೂಡ ಎತ್ತಲಿಲ್ಲ. ಮರ್ನಾ ಟ್ರಕ್ಕಿಗೆ ಓಡಿದಳು.

ಲೆಸಿಯಾ ಆಟಗಾರರ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅಮ್ಮನ ಬೂಟು ಕಂಡದ್ದೇ, "ಒಂದ್ ಮಾತಾಡ್ಬೇಡ," ಅಂದಳು.

"ನಾನೇನೂ ಆಡಲ್ಲ. ತಗೋ."

"ಏನಿದು?"

"ನಿಮ್ಮಪ್ಪ ಕೊಟ್ಟಿದ್ದು. ಈಗ್ ತಾನೆ ಬಾಗಿಲಲ್ಲಿ ಸಿಕ್ಕಿ ಕೊಟ್ಟ. ನಿಂಗೋಸ್ಕರ ತಂದಿದ್ನಂತೆ."

ಲೆಸಿಯಾ ತಲೆಯೆತ್ತಿ ಮೇಲಿನ ಸಾಲು ನೋಡಿದಳು. ಆಮೇಲೆ ಸ್ಟಿಕ್ಕು ನೋಡಿದಳು. ಅಲಗಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಸರಿ. ಹೋಗು," ಅಂದಳು ಲೆಸಿಯಾ.

ಎರಡನೆಯ ಸುತ್ತಿನ ಮೊದಲ ಹೊಡೆತ ಮತ್ತೆ ಮೇಲೆ. ಎರಡನೆಯದು ಕ್ಯಾನ್ವಾಸಿನ ನಡುವೆ ಧಪ್ಪೆಂದಿತು. ಅವಳು ನಿಂತು, ಸ್ಟಿಕ್ಕನ್ನು ಐಸಿಗೆ ಒತ್ತಿ ಒಂದೆರಡು ಸಲ ಬಾಗಿಸಿ ನೋಡಿದಳು. ಮೂರನೆಯದಕ್ಕೆ ಪಕ್ ಅನ್ನು ಅಲಗಿನ ಹಿಮ್ಮಡಿಯ ಹತ್ತಿರ ಇಟ್ಟುಕೊಂಡು, ಮೈಭಾರವನ್ನೆಲ್ಲ ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಸರಿಸಿದಳು. ಸ್ಟಿಕ್ಕು ಬಾಗಿತು, ಮಣಿಕಟ್ಟು ಹೊರಳಿತು, ಅಲಗಿನ ತುದಿ ಕೆಳಗಿನ ಎಡಗಿಂಡಿಗೆ ಬೆರಳು ಮಾಡಿ ನಿಂತಿತು. ಪಕ್ ಸದ್ದಿಲ್ಲದೆ ಒಳಗೆ ಹೋಯಿತು. ನಾಲ್ಕು, ಐದು, ಆರು ಕೂಡ ಒಳಗೆ. ಏಳನೆಯದು ಕಂಬಕ್ಕೆ ಬಡಿದು ಹೊರಗೆ ಬಂತು. ಉಳಿದ ಮೂರೂ ಒಳಗೆ ಹೋಗಲೇಬೇಕಿತ್ತು. ಮರ್ನಾ ನೋಡಲಾರದೆ ತನ್ನ ಕೈಗವಸನ್ನೇ ನೋಡುತ್ತಾ ಕೂತಳು. ಮೂರು ಸಲವೂ ಬಲೆ ಅಲುಗುವ ಸದ್ದಷ್ಟೇ ಕೇಳಿಸಿತು.

ಆಯ್ಕೆಗಾರ್ತಿ ಲೆಸಿಯಾಳ ಹೆಸರು ಓದಿದಾಗ ಡ್ವೇನ್ ಮೆಟ್ಟಿಲಿಳಿದು ಬಂದ. ಲೆಸಿಯಾ ನೇರ ಅವನ ಬಳಿ ಹೋದಳು. ಮರ್ನಾ ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದಳು.

"ಥ್ಯಾಂಕ್ಸ್ ಅಪ್ಪ, ಸ್ಟಿಕ್ಕಿಗೆ."

ಡ್ವೇನ್‌ನ ಕಣ್ಣು ಅವಳ ಕೈಯಲ್ಲಿದ್ದ ಸ್ಟಿಕ್ಕಿಗೆ ಬಂತು. ಅರೆಗಳಿಗೆಯಷ್ಟೇ.

"ಹಿಡಿಸ್ತಾ? ನಿನ್ನ ಕೈಗೆ ಅದೇ ಸರಿ ಅಂತ ನಂಗ್ ಗೊತ್ತಿತ್ತು ಬಿಡು, ಪುಟ್ಟಿ. ಆರಿಸೋಕೆ ಕಣ್ಣು ಬೇಕು."

ಮರ್ನಾಳ ಕಿವಿ ಬಿಸಿಯಾಯಿತು. ಸುಳ್ಳು ಅವಳದೇ, ಅದನ್ನು ಅವನು ಇಷ್ಟು ಸಲೀಸಾಗಿ ಹೆಗಲಿಗೆ ಹಾಕಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಅವನ ಮುಂದೆ ನಿಂತು ಕೂಗಬೇಕೆನಿಸಿತು. ಅವಳು ಬಾಗಿಲು ತಳ್ಳಿ ಚಳಿಗೆ ಹೊರಬಿದ್ದಳು.

ಟ್ರಕ್ಕು ಊರು ದಾಟಿ ಬಯಲಿಗೆ ಬಂತು. ಲೆಸಿಯಾಳ ಮಡಿಲಲ್ಲಿ ಹೊಸ ಸ್ಟಿಕ್ಕಿತ್ತು. ಹಳೆಯದು ಎಲ್ಲೂ ಕಾಣಲಿಲ್ಲ.

"ಹಳೇದೆಲ್ಲಿ?"

"ಅಪ್ಪಂಗೆ ಕೊಟ್ಟೆ. ಅವನದು ತಾನೆ?" ಅವಳು ಕಿಟಕಿಯ ಕಡೆಗೇ ತಿರುಗಿದ್ದಳು. "ಇನ್ನೊಂದ್ಸಲ ನನ್ನ ಹತ್ರ ಸುಳ್ಳು ಹೇಳ್ಬೇಡ."

"ಯಾವ ಸುಳ್ಳು?"

"ಹಲ್ಲು ಬಿದ್ದ ಸ್ಟಿಕ್ಕು." ಲೆಸಿಯಾ ಟೇಪಿಲ್ಲದ ತುದಿಯನ್ನು ಉಗುರಿನಿಂದ ತಟ್ಟಿದಳು. "ಈ ಊರಲ್ಲಿ ಹೀಗೆ ಸುತ್ತೋಳು ಒಬ್ಳೇ. ನಾನೇನ್ ಕುರುಡೀನಾ?"

ಮರ್ನಾ ಸ್ಟೀರಿಂಗ್ ಬಿಗಿಯಾಗಿ ಹಿಡಿದಳು. "ಹಾಗಾದ್ರೆ ಅವನ ಹತ್ರ ಥ್ಯಾಂಕ್ಸ್ ಯಾಕೆ..."

"ಏನಂತಾನೆ ನೋಡೋಣ ಅಂತ."

ಆ ಮಾತಿನ ಕೊನೆಗೆ ಹುಡುಗಿಯ ದನಿ ಒಡೆಯಿತು. ಮರ್ನಾ ಕೈ ಚಾಚಿದಳು; ಲೆಸಿಯಾ ಭುಜ ಕೊಡವಿ ಬಾಗಿಲಿನ ಕಡೆ ಸರಿದಳು.

"ಮುಟ್ಬೇಡ. ಖುಷಿಯಾಯ್ತು ತಾನೆ ನಿಂಗೆ?"

"ಇಲ್ಲ," ಅಂದಳು ಮರ್ನಾ. ನಿಜವಾಗಿಯೂ ಆಗಿರಲಿಲ್ಲ.

ಮನೆಯ ತಿರುವು ಬರುವಷ್ಟರಲ್ಲಿ ಲೆಸಿಯಾ ಬಿಳಿ ಟೇಪನ್ನು ಅಲಗಿನಿಂದ ಸರ್ರನೆ ಕಿತ್ತು, ಉಂಡೆ ಮಾಡಿ ಕಾಲ ಕೆಳಗೆ ಹಾಕಿದಳು.

"ನನ್ನ ಸ್ಟಿಕ್ಕಿಗೆ ನಾನೇ ಸುತ್ಕೋತೀನಿ. ನಾಳೆ ಊಟ ಆದ್ಮೇಲೆ ಗೋಲ್ ಮುಂದೆ ನಿಲ್ಲು, ಮೇಲಿನ ಮೂಲೆಗೆ ಹೊಡೆಯೋದು ನಂಗಿನ್ನೂ ಬಂದಿಲ್ಲ. ಮುಖವಾಡ ಗಟ್ಟಿಯಾಗಿ ಕಟ್ಕೋ. ಗುರಿ ತಪ್ಪಿದ್ರೆ ನಂಗೊತ್ತಿಲ್ಲ."