ಅಕ್ಕನ ಜೀಪು

ನಾಲ್ಕನೆಯ ಬೋಲ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ತಂಗಿ ಸೆರಗು ಸಿಕ್ಕಿಸಿಕೊಂಡು ಸ್ಪ್ಯಾನರಿನ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಕಿರ್ರೆಂದು ಸದ್ದು ಮಾಡಿ ಅದು ಸಡಿಲವಾಯಿತು. ಅವಳೂ ವೆಲ್ಡರೂ ಸೇರಿ ಜೀಪಿನ ಹಿಂದಿನ ಸೀಟನ್ನು ಎತ್ತಿ ಅಂಗಳದ ಗೋಡೆಗೆ ಒರಗಿಸಿದರು. ಈಗ ಅಕ್ಕನ ಶವಪೆಟ್ಟಿಗೆಗೆ ಜಾಗವಾಯಿತು.

ಹೆಣ ಸಾಗಿಸುವ ವ್ಯಾನಿನವನು ಗುಡ್ಡದ ದಾರಿ ನೋಡಿಕೊಂಡು ಬಂದು ಕೈ ಚೆಲ್ಲಿದ್ದ. ಎರಡು ದಿನದ ಮಳೆಗೆ ಸ್ಮಶಾನದ ಏರು ಕಲಸಿದ ಹಿಟ್ಟಿನಂತಾಗಿತ್ತು. "ನಮ್ಮ ಗಾಡಿ ಹತ್ತಲ್ಲ ಸ್ವಾಮಿ, ಅರ್ಧಕ್ಕೇ ಕೂತ್ಬಿಡುತ್ತೆ" ಎಂದಿದ್ದ. ಆಗ ನಿವೃತ್ತ ಮೇಷ್ಟ್ರು, "ನರ್ಸಕ್ಕನ ಜೀಪಿದೆಯಲ್ಲ! ಆಯಮ್ಮ ಅದರಲ್ಲಿ ಹತ್ತದ ಗುಡ್ಡ ಯಾವುದು?" ಎಂದರು. ಯಾರೂ ಬೇಡವೆನ್ನಲಿಲ್ಲ. ಅಂಗಳದ ತುಂಬ ಇದ್ದ ಹೆಂಗಸರಲ್ಲಿ ಅರ್ಧದಷ್ಟು ಜನ ಹೆರಿಗೆ ನೋವು ತಿನ್ನುತ್ತ ಆ ಜೀಪಿನಲ್ಲಿ ಗುಡ್ಡ ಇಳಿದವರೇ.

ಗೇಟಿನ ಬಳಿ ತಂಗಿಯ ಗಂಡ ನಾಲ್ಕು ಜನರನ್ನು ನಿಲ್ಲಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದ. ಹಳೆಯ ಗಾಡಿಗಳ ದಲ್ಲಾಳಿ ಅವನು. ಮಾತು ಶುರುವಾದರೆ ನಿಲ್ಲದು.

"ಈ ಗಾಡಿ ಹುಡುಕಿ ಕೊಟ್ಟಿದ್ದೇ ನಾನು. ಹತ್ತೊಂಬತ್ತು ವರ್ಷ! ಒಂದು ದಿನ ಕೈ ಕೊಟ್ಟಿದ್ದಿಲ್ಲ. ಅತ್ತಿಗೇನ ಸ್ವಂತ ಅಕ್ಕನ ಥರ ನೋಡ್ಕೊಂಡೆ, ಕೇಳಿ ಬೇಕಾದ್ರೆ."

ತಂಗಿಯ ಕೈಯಲ್ಲಿ ಸ್ಪ್ಯಾನರು ಬಿಸಿಯಾಗಿತ್ತು. ಅವಳು ಅದನ್ನು ಕೆಳಗಿಡಲಿಲ್ಲ.

*

ಗುಡ್ಡದ ಮೇಲಿನ ಆರೋಗ್ಯ ಕೇಂದ್ರಕ್ಕೆ ವರ್ಗವಾದ ವರ್ಷ ಅಕ್ಕ ಚೀಲ ಹೆಗಲಿಗೇರಿಸಿಕೊಂಡು ನಡೆದೇ ಓಡಾಡಿದ್ದಳು. ಮದುವೆ ಆಗಿರಲಿಲ್ಲ, ಆಗುವ ಗೋಜಿಗೂ ಹೋಗಿರಲಿಲ್ಲ. ಒಂದು ಹೆರಿಗೆಗೆ ಹೋಗಿ ತಲುಪುವಷ್ಟರಲ್ಲಿ ತಾಯಿ ತಣ್ಣಗಾಗಿದ್ದಳು. ಮರುದಿನವೇ ಅಕ್ಕ ತಂಗಿಯ ಮನೆಗೆ ಬಂದು, "ನಾಲ್ಕೂ ಚಕ್ರ ಎಳೆಯೋ ಗಾಡಿ ಬೇಕು, ಹಳೇದಾದ್ರೂ ಪರವಾಗಿಲ್ಲ" ಎಂದಳು.

ವಾರದೊಳಗೆ ಜೀಪು ಬಂತು. ಮರದ ಗುತ್ತಿಗೆದಾರನೊಬ್ಬ ದಿಮ್ಮಿ ಎಳೆಸಿ ಹಿಂಡಿ ಹಿಪ್ಪೆ ಮಾಡಿದ್ದ ಗಾಡಿ. ಒಂದು ಮಧ್ಯಾಹ್ನ ತಂಗಿ ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಗಂಡನಿಗೆ ನೀರು ಕೊಡಲು ಶೆಡ್ಡಿಗೆ ಹೋದಾಗ ಅವನು ಜೀಪಿನಡಿ ಮಲಗಿ ಡಾಂಬರು ಬಳಿಯುತ್ತಿದ್ದ. ಪಕ್ಕದಲ್ಲಿ ಬಿರುಕಿಗೆ ಮೆತ್ತುವ ಪುಟ್ಟಿಯ ಡಬ್ಬಿ, ಹರಿದ ಗೋಣಿಯ ತುಂಡು.

"ಅದ್ಯಾಕ್ರೀ ಗೋಣಿ?"

"ಒರೆಸೋಕೆ. ಡಾಂಬರು ಬಳಿದ್ರೆ ತುಕ್ಕು ಹಿಡಿಯಲ್ಲ. ನಿನಗ್ಯಾಕೆ ಇದೆಲ್ಲ, ಹೋಗು, ಮಗೂಗೆ ವಾಸನೆ ಬಡಿಯುತ್ತೆ."

ಅಕ್ಕ ಗಾಡಿಯನ್ನು ಬಗ್ಗಿ ಕೂಡ ನೋಡಲಿಲ್ಲ. "ಮನೆಯವರೇ ಕೊಡೋವಾಗ ನೋಡೋದೇನು?" ಎಂದು ನಕ್ಕು ಕೀಲಿ ತೆಗೆದುಕೊಂಡಳು.

ಎರಡನೆಯ ತಿಂಗಳು, ಇಳಿಜಾರಿನ ತಿರುವಿನಲ್ಲಿ ಜೀಪಿನ ಹಿಂಭಾಗ ಸೊಂಟ ಮುರಿದವರ ಹಾಗೆ ಕುಸಿದು ಗಾಡಿ ಚರಂಡಿಗೆ ಬಿತ್ತು. ಅಕ್ಕನ ಮೊಣಕಾಲು ಪುಡಿಯಾಯಿತು. ದಲ್ಲಾಳಿ ಆಸ್ಪತ್ರೆಗೆ ಹಣ್ಣು ಹಿಡಿದುಕೊಂಡು ಬಂದು ಎಲ್ಲರೆದುರು ಹೇಳಿದ್ದು ಒಂದೇ: "ಗಾಡೀದೇನೂ ತಪ್ಪಿಲ್ಲ. ಹೆಂಗಸರು ಬ್ರೇಕ್ ಒತ್ತೋದೇ ಹಾಗೆ."

ಅಂದಿನಿಂದ ಅಕ್ಕ ಕುಂಟುತ್ತಲೇ ನಡೆದಳು. ಆ ಮಾತು ಊರಲ್ಲಿ ಅವಳಿಗಿಂತ ಮುಂದೆ ನಡೆಯಿತು.

*

ಪೆಟ್ಟಿಗೆಯನ್ನು ಆರು ಜನ ಎತ್ತಿ ಜೀಪಿನೊಳಗೆ ಸರಿಸಿ ಹಗ್ಗ ಬಿಗಿದರು. ತಂಗಿ ಡ್ರೈವರ್ ಸೀಟಿಗೆ ಹತ್ತಿದಳು.

"ನೀನಾ?" ಎಂದ ಗಂಡ. "ನಿನಗೇನು ಬರುತ್ತೆ?"

"ಅಕ್ಕ ಕಲಿಸಿದ್ಲು."

ಮೇಷ್ಟ್ರು ಅವನ ಹೆಗಲು ಮುಟ್ಟಿದರು. "ನೀವು ಮುಂದೆ ಕೂತ್ಕೊಳ್ಳಿ. ಮನೆಗೆ ಹಿರಿಯರು ನೀವೇ ಅಲ್ವಾ."

"ನನಗೆ ಸೊಂಟ ಸರಿ ಇಲ್ಲ ಮೇಷ್ಟ್ರೇ. ಕುಲುಕಾಟ ಆಗಲ್ಲ. ನಡ್ಕೊಂಡೇ ಬರ್ತೀನಿ."

ತಂಗಿಗೆ ನಗು ಬರುವಂತಾಯಿತು. ಹತ್ತೊಂಬತ್ತು ವರ್ಷದಲ್ಲಿ ಅವನು ಆ ಜೀಪಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಒಂದು ಸಲ ಸೊಂಟ, ಒಂದು ಸಲ ಪೆಟ್ರೋಲಿನ ವಾಸನೆ, ಇನ್ನೊಂದು ಸಲ ತುರ್ತು ಕೆಲಸ. ಮಗಳನ್ನೂ ಕೂರಲು ಬಿಟ್ಟಿರಲಿಲ್ಲ. ಅವಳು ಹಠ ಹಿಡಿದಾಗಲೆಲ್ಲ ಸೈಕಲ್ಲೋ ಗೊಂಬೆಯೋ ತಂದುಕೊಟ್ಟು ಸಮಾಧಾನ ಮಾಡುತ್ತಿದ್ದ.

*

ಅಕ್ಕನ ಕಾಲಿನ ಕಟ್ಟು ಬಿಚ್ಚಿದ ವಾರ ತಂಗಿ ವೆಲ್ಡರನ ಶೆಡ್ಡಿಗೆ ಹೋಗಿದ್ದಳು. ಅಕ್ಕ ಜೀಪಿನಡಿ ಚಾಪೆ ಹಾಕಿಕೊಂಡು ಮಲಗಿದ್ದಳು. ವೆಲ್ಡರು ಗಾಡಿಯ ಭಾರ ಹೊರುವ ತಳದ ಚೌಕಟ್ಟು, ಚಾಸಿಯನ್ನು, ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಿದ್ದ. ಠಣ್, ಠಣ್ ಎನ್ನುತ್ತಿದ್ದ ಕಬ್ಬಿಣ ಎಡಗಡೆ ಹಿಂದಿನ ಚಕ್ರದ ಮೇಲೆ ಬಂದಾಗ ದಪ್ಪೆಂದಿತು. ಡಾಂಬರು ಕೆರೆದರು. ಒಳಗೆ ಪುಟ್ಟಿ, ಅದರೊಳಗೆ ಗೋಣಿ. ಕಬ್ಬಿಣ ಎಂಬುದು ಅಲ್ಲಿ ಹೆಸರಿಗೂ ಇರಲಿಲ್ಲ.

ಗೋಣಿ ಕಂಡ ತಂಗಿಯ ಮುಖವನ್ನು ಅಕ್ಕ ಕೆಳಗಿನಿಂದಲೇ ನೋಡಿದಳು.

"ನಿನಗೆ ಗೊತ್ತಿತ್ತಾ?"

"ಬಳೀತಿದ್ದದ್ದು ನೋಡಿದ್ದೆ ಅಕ್ಕ. ಏನಂತ ಗೊತ್ತಾಗ್ಲಿಲ್ಲ."

"ಮಗೂಗೆ ಈಗೆಷ್ಟು ತಿಂಗಳು?"

"ಎಂಟು."

ಅಕ್ಕ ಗೋಣಿಯ ತುಂಡನ್ನು ಕಿತ್ತು ಪಕ್ಕಕ್ಕೆ ಎಸೆದಳು. ಆಮೇಲೆ ಹೇಳಿದಳು: "ಹಾಗಾದ್ರೆ ಬಾಯಿ ಮುಚ್ಕೊಂಡಿರೋಣ. ನಿನ್ನ ಸಂಸಾರ ನನ್ನಿಂದ ಒಡೆಯೋದು ಬೇಡ. ಆದ್ರೆ ಚಾಸಿ ರಿಪೇರಿ ಮಾಡಿಸೋದು ಅವನಿಗೆ ಗೊತ್ತಾಗ್ಬಾರ್ದು. ಸ್ಪ್ರಿಂಗ್ ಪಟ್ಟಿ ಕಟ್ಟಾಗಿತ್ತು, ಹಾಕಿಸ್ದೆ ಅಂತೀನಿ. ದಿನಾ ಬೆಳಗ್ಗೆ ನಾನು ಅವನ ಮುಂದೇನೇ ಗುಡ್ಡ ಹತ್ತೋದನ್ನ ನೋಡ್ಲಿ. ಯಾವತ್ತು ಮುರಿಯುತ್ತೋ ಅಂತ ಎದೆ ಡವಡವ ಅನ್ತಾ ಇರ್ಲಿ."

ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ಉಕ್ಕು ಕೂರಿಸಿದರು. ಆಮೇಲೆ ಪ್ರತಿ ಭಾನುವಾರ ಅಕ್ಕ ಗ್ರೀಸು ತುಂಬಿದಳು, ಪ್ಲಗ್ಗು ಉಜ್ಜಿದಳು, ಆಯಿಲು ಸೋರುವಲ್ಲಿ ಸೀಲು ಬದಲಿಸಿದಳು. ತಂಗಿ ಸ್ಪ್ಯಾನರು ಕೈಗೆ ಕೊಡುತ್ತ ಕೊಡುತ್ತ ಎಲ್ಲ ಕಲಿತಳು. ಬಾಯಿ ಬಿಡಲು ಮಗಳು ದೊಡ್ಡವಳಾಗಲಿ ಎಂದು ಕಾದಳು. ಮಗಳು ದೊಡ್ಡವಳಾದಳು. ಮೊನ್ನೆ ಬೆಳಗ್ಗೆ ಸ್ಟವ್ ಮುಂದೆ ಕುಸಿದ ಅಕ್ಕ ಏಳಲಿಲ್ಲ.

*

"ಸರಿ, ನೀವು ನಡ್ಕೊಂಡೇ ಬನ್ನಿ" ಎಂದಳು ತಂಗಿ. ಆಮೇಲೆ ತಿರುಗಿ ಮಗಳನ್ನು ಕರೆದಳು. "ಬಾರೇ, ನೀನು ಹತ್ತು. ದೊಡ್ಡಮ್ಮನ ಪಕ್ಕ ಯಾರಾದ್ರೂ ಇರ್ಬೇಕು."

ಹುಡುಗಿ ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಇಳಿ!" ದಲ್ಲಾಳಿ ಕಿರುಚಿದ. "ಇಳಿ ಅಂದೆ! ಆ ಏರಿಗೆ ತಡೆಯಲ್ಲ ಅದು. ಚಾಸಿ ಮುರಿದಿದೆ!"

ಅಂಗಳದಲ್ಲಿದ್ದವರೆಲ್ಲ ಅವನತ್ತ ತಿರುಗಿದರು.

"ಎಲ್ಲಿ ಮುರಿದಿದೆ?" ವೆಲ್ಡರು ಮೆಲ್ಲಗೆ ಕೇಳಿದ.

"ಎಡಗಡೆ. ಹಿಂದಿನ ಚಕ್ರದ ಮೇಲೆ. ಮಗೂನ ಇಳಿಸಿ ಮೊದಲು!"

"ಅದನ್ನ ನಾವು ಮೂರು ಜನ ಬಿಟ್ಟು ಯಾರೂ ನೋಡಿಲ್ವಲ್ಲ ಯಜಮಾನ್ರೇ. ಅಲ್ಲಿ ಗೋಣಿ ತುಂಬಿದ್ದೋನಿಗೆ ಮಾತ್ರ ಗೊತ್ತಿರ್ಬೇಕು."

ಮೇಷ್ಟ್ರು ಅವನ ಹೆಗಲ ಮೇಲಿದ್ದ ಕೈಯನ್ನು ತೆಗೆದು ತಮ್ಮ ಅಂಗಿಗೆ ಒರೆಸಿಕೊಂಡರು.

"ನಾನು... ಅದು ಆಗ..." ಅವನು ಹೆಂಡತಿಯನ್ನು ನೋಡಿದ. "ನೀನಾದ್ರೂ ಹೇಳೇ."

"ಹೇಳ್ತೀನಿ" ಎಂದಳು ತಂಗಿ. ದನಿ ಏರಲಿಲ್ಲ. "ಮಗಳು ಹತ್ತಿದ್ರೆ ಗಂಟಲು ಹರಿಯೋ ಹಾಗೆ ಕೂಗೋಕೆ ಬರುತ್ತೆ ನಿಮಗೆ. ಅಕ್ಕ ಹತ್ತಿದ ದಿನ ಈ ಗಂಟಲು ಎಲ್ಲಿ ಹೋಗಿತ್ತು? ಚಾಸಿ ಗಟ್ಟಿಯಾಗಿದೆ. ಹತ್ತೊಂಬತ್ತು ವರ್ಷದಿಂದ ಗಟ್ಟಿಯಾಗಿದೆ. ನಿಮಗೆ ಹೇಳ್ಲಿಲ್ಲ, ಅಷ್ಟೇ."

ಹುಡುಗಿ ಅಪ್ಪನನ್ನು ಒಮ್ಮೆ, ಅಮ್ಮನನ್ನು ಒಮ್ಮೆ ನೋಡಿದಳು. ಆಮೇಲೆ ಹತ್ತಿ ಎಡಗಡೆಯ ಸೀಟಿನಲ್ಲಿ ಕುಳಿತಳು.

ತಂಗಿ ಸಣ್ಣ ಲಿವರನ್ನು ಎಳೆದು ನಾಲ್ಕೂ ಚಕ್ರಕ್ಕೆ ಬಲ ಕೊಟ್ಟಳು. ಜೀಪು ಹೊರಟಿತು. ಜನ ದಾರಿಯ ಅಂಚಿನ ಹುಲ್ಲು ಹಿಡಿದು ಜೊತೆಜೊತೆಗೆ ಹತ್ತಿದರು. ಕೆಸರು ಎರಡೂ ಪಕ್ಕಕ್ಕೆ ಸಿಡಿಯಿತು. ಏರಿನ ನಡುವೆ ಗಾಡಿ ಒಮ್ಮೆ ಓಲಾಡಿ, ನೆಲ ಕಚ್ಚಿ, ಮತ್ತೆ ಮೇಲೇರಿತು. ಕೆಳಗಿನಿಂದ ಕಿರ್ ಎಂಬ ಸದ್ದೂ ಬರಲಿಲ್ಲ.

ಎಡಗಡೆಯ ಕನ್ನಡಿಯಲ್ಲಿ ಗಂಡ ಕಾಣಿಸಿದ. ಎಲ್ಲರಿಗಿಂತ ಹಿಂದೆ, ಚಕ್ರದ ಸಾಲಿನಲ್ಲಿ, ಒಬ್ಬನೇ. ಒಂದು ಚಪ್ಪಲಿ ಕೆಸರಲ್ಲಿ ಸಿಕ್ಕಿಕೊಂಡಿತ್ತು. ಬಗ್ಗಿ ಎರಡೂ ಕೈಯಿಂದ ಎಳೆಯುತ್ತಿದ್ದ. ನೆರವಿಗೆ ಯಾರೂ ನಿಲ್ಲಲಿಲ್ಲ.

ಮಗಳು ಅಳುತ್ತ ಕೈ ಹೊರಗೆ ಚಾಚಿ ಕನ್ನಡಿಯನ್ನು ಆಚೆ ತಿರುಗಿಸಿದಳು.

ತಂಗಿ ಒಂದು ಕೈ ಸ್ಟಿಯರಿಂಗ್ ಮೇಲಿಟ್ಟು, ತನ್ನ ಪಕ್ಕದ ಕನ್ನಡಿಯನ್ನು ಅವನು ಕಾಣುವವರೆಗೆ ಹೊರಳಿಸಿಕೊಂಡಳು.