ಕುಂಬಳಕಾಯಿಯ ಹರಾಜು

ಆ ಭಾನುವಾರ ಚರ್ಚಿನಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತೊಂಬತ್ತೆಂಟರ ಮಾತು. ಹರಪನಹಳ್ಳಿಗೆ ಟೀಚರಾಗಿ ಬಂದು ಎರಡು ವರ್ಷವಾಗಿತ್ತು. ಅವತ್ತು ಸುಗ್ಗಿ ಹಬ್ಬದ ಆರಾಧನೆ. ಜನ ತಂದಿಟ್ಟ ಜೋಳದ ತೆನೆ, ಕೋಳಿ, ಮೊಟ್ಟೆಗಳ ನಡುವೆ ನನ್ನದೊಂದು ಕುಂಬಳಕಾಯಿ. ನನ್ನದು ಅಂದೆನಲ್ಲ, ಅಲ್ಲೇ ಚುಚ್ಚುತ್ತಿತ್ತು. ಅದು ನಮ್ಮ ಮನೆಯ ಕಸಮುಸುರೆ ಮಾಡುವ ದುರುಗಮ್ಮನ ಗುಡಿಸಲ ಮೇಲೆ ಬೆಳೆದದ್ದು. ಶನಿವಾರ ಅವಳು ಇಪ್ಪತ್ತು ಕೇಳಿದ್ದಳು, ನಾನು ಚೌಕಾಸಿ ಮಾಡಿ ಹದಿನೈದಕ್ಕೆ ಇಳಿಸಿದ್ದೆ.

ದುಡ್ಡು ಇಸಿದುಕೊಂಡ ಮೇಲೂ ಅವಳು ಬಾಗಿಲು ಬಿಟ್ಟು ಕದಲಲಿಲ್ಲ.

“ಟೀಚರಮ್ಮ, ತಿಂಗಳಿಗೆ ನಾನೂರು ಮಾಡ್ರಿ. ಮುನ್ನೂರು ಯಾತಕ್ಕೂ ಸಾಲಂಗಿಲ್ಲ. ಇಲ್ಲಾಂದ್ರ ಸೋಮಾರದಿಂದ ಶ್ರುತಿನ ಸಾಲಿ ಬಿಡಿಸಿ ಮೆಕ್ಕೆಜೋಳದ ಕೂಲಿಗೆ ಕಳಸ್ಬೇಕು.”

“ನನಗ ಬರೋದ ಹದಿನೆಂಟುನೂರು, ದುರುಗಮ್ಮ. ಓಣ್ಯಾಗ ಎಲ್ಲಾರೂ ಮುನ್ನೂರ ಕೊಡ್ತಾರ. ನಾನೊಬ್ಬಾಕಿ ಏರಿಸಿದ್ರ ಅವರೆಲ್ಲಾ ನನ್ನ ಬೈತಾರ.”

ಸುಳ್ಳೇನಲ್ಲ. ನಾವು ಸಂಬಳ ಹೆಚ್ಚಿಸಿ ಅಂದಾಗಲೆಲ್ಲ ಶಾಲೆಯವರು “ಸೇವೆ ಅಂತ ತಿಳ್ಕೊಳ್ರಿ” ಅನ್ನುತ್ತಿದ್ದರು. ಆ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ದುರುಗಮ್ಮನಿಗೆ ನಾನು ಹೇಳಿದ್ದೂ ಅದರ ತಂಗಿಯಂಥ ಮಾತೇ ಎಂಬುದು ಅವಳು ಹೋದ ಮೇಲೆ ಹೊಳೆಯಿತು.

ಆರಾಧನೆ ಮುಗಿದು ಬೇವಿನ ಮರದ ಕೆಳಗೆ ಸಭಾಪಾಲಕರು, ಅಂದರೆ ನಮ್ಮ ಚರ್ಚಿನ ಅಯ್ಯನವರು, ಹರಾಜು ಕೂಗತೊಡಗಿದರು. ಸುಗ್ಗಿ ಹಬ್ಬಕ್ಕೆ ಬಂದ ಕಾಣಿಕೆಯನ್ನೆಲ್ಲ ಹೀಗೆ ಮಾರುವುದು ನಮ್ಮ ಪದ್ಧತಿ, ಹಣ ಚರ್ಚಿಗೆ. ಅವತ್ತು ಬೆಲೆಗೆ ಲಂಗುಲಗಾಮಿಲ್ಲ. ಒಂದು ಮೊಟ್ಟೆ ಐವತ್ತಕ್ಕೆ ಹೋಯಿತು. ಬೆಳಿಗ್ಗೆ ಕಾಯಿ ಹೊತ್ತು ತಂದ ದುರುಗಮ್ಮ ಮಗಳು ಶ್ರುತಿಯೊಂದಿಗೆ ಗೋಡೆಯ ಪಕ್ಕ ನಿಂತು ಬಾಯಿ ತೆರೆದು ನೋಡುತ್ತಿದ್ದಳು.

ಕುಂಬಳಕಾಯಿಯ ಸರದಿ ಬಂತು. ಕಾಂಪೌಂಡರ್ ಪ್ರಭುದಾಸ ನೂರು ಅಂದ. ನಾನು ಇನ್ನೂರು ಅಂದೆ. ತಾವು ತಂದದ್ದನ್ನು ತಾವೇ ಬಿಡಿಸಿಕೊಳ್ಳುವುದು ನಮ್ಮಲ್ಲಿ ಮರ್ಯಾದೆ. ಅವನೂ ಬಿಡಲಿಲ್ಲ. ನನ್ನ ಕಿವಿ ಬಿಸಿಯಾಗಿತ್ತು. ಅದು ದೇವರ ಮೇಲಿನ ಪ್ರೀತಿಯೋ ಪ್ರಭುದಾಸನ ಮೇಲಿನ ಹಟವೋ, ಆ ದೇವರಿಗೇ ಗೊತ್ತು. ಆರುನೂರಕ್ಕೆ ಕಾಯಿ ನನ್ನ ಮಡಿಲಿಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಸಭಾಪಾಲಕರು ಸಹೋದರಿಯ ಉದಾರ ಮನಸ್ಸಿಗಾಗಿ ಸ್ತೋತ್ರ ಹೇಳಿದರು.

ಆಗ ದುರುಗಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಸಿಟ್ಟೇನೂ ಇರಲಿಲ್ಲ. ಒಳ್ಳೆ ದರ ಸಿಗುವ ಸಂತೆ ಗೊತ್ತಾದವಳ ಅವಸರವಿತ್ತು.

“ಅಯ್ಯಾರ, ನಂದೂ ಒಂದು ಕೂಗ್ರಿ.”

“ಏನು ತಂದೀಯವ್ವ?”

“ಒಂದು ತಿಂಗಳ ಕಸಮುಸುರಿ. ಟೀಚರಮ್ಮನ ಮನಿದು.”

ಕೆಲವರು ನಕ್ಕರು. ಸಭಾಪಾಲಕರು ನಗದೆ ನನ್ನ ಕಡೆ ನೋಡಿದರು. ಮೊಟ್ಟೆಗೆ ಐವತ್ತು ಕೂಗಿದ ಜನ ತುಟಿ ಬಿಚ್ಚಲಿಲ್ಲ, ಎಲ್ಲರ ಮನೆಯಲ್ಲೂ ಒಬ್ಬೊಬ್ಬ ದುರುಗಮ್ಮ ಇದ್ದಳಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು. ಮಡಿಲಲ್ಲಿ ಕುಂಬಳಕಾಯಿ ಇಟ್ಟುಕೊಂಡು ಏಳುವುದೂ ಸುಲಭವಲ್ಲ.

“ನಾನೂರು,” ಅಂದೆ.

ಸಭಾಪಾಲಕರು ಮೂರು ಸಲ ಕೂಗಿ ಮುಗಿಸಿದರು. ದುರುಗಮ್ಮ ಅಲ್ಲೇ ನಿಂತಿದ್ದಳು.

“ಈ ರೊಕ್ಕ ದೇವ್ರಿಗೆ ಹೋಗತೈತೋ, ನನಗ ಬರತೈತೋ?”

ಈ ಸಲ ಯಾರೂ ನಗಲಿಲ್ಲ. ಸಭಾಪಾಲಕರು ಕೈಯಲ್ಲಿದ್ದ ಚೀಟಿಯನ್ನು ಮಡಚತೊಡಗಿದರು.

“ನಿನಗ,” ಅಂದೆ.

“ಪ್ರತಿ ತಿಂಗಳಾ?”

ಅವಳ ಹಿಂದೆ ಶ್ರುತಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಹೂಂ. ಪ್ರತಿ ತಿಂಗಳು.”

ಸೋಮವಾರ ಶ್ರುತಿ ಶಾಲೆಗೆ ಹೋದಳು. ದುರುಗಮ್ಮ ಕುಂಬಳಕಾಯಿ ಹೆಚ್ಚಿಕೊಡುತ್ತಾ, “ನಿಮ್ಮ ದೇವ್ರು ಭಾಳ ಚಲೋ ಅದಾನ ಬಿಡ್ರಿ, ಟೀಚರಮ್ಮ” ಅಂದಳು. ನಾನು ಒಲೆಯ ಕಡೆ ತಿರುಗಿದೆ. ಆ ದೇವರು ಶನಿವಾರವೂ ಬಾಗಿಲಲ್ಲೇ ಇದ್ದ. ನೋಡುವ ಜನ ಮಾತ್ರ ಇರಲಿಲ್ಲ.